ಓದುವವರು ಏಳಬಾರದು

ಅಟ್ಟದ ಮೇಲಿದ್ದ ಬೆತ್ತದ ಕುರ್ಚಿಯನ್ನು ರಹಿಮತಬಿ ತಾನೇ ಕೆಳಗಿಳಿಸಿದಳು. 1988ರ ಮಾರ್ಚ್, ಒಂದು ಶುಕ್ರವಾರ. ಗಂಡ ಮಲ್ಲಿಕಸಾಬ ನಮಾಜು ಮುಗಿಸಿ ಊಟಕ್ಕೆ ಬಂದಾಗ ಕುರ್ಚಿ ಕಿಟಕಿಯ ಪಕ್ಕದಲ್ಲಿ, ಮೂರು ವರ್ಷದ ಹಿಂದೆ ಇದ್ದ ಜಾಗದಲ್ಲೇ ಇತ್ತು. ಅದರಲ್ಲಿ ಮಗಳು ಮುಮ್ತಾಜ ಪುಸ್ತಕ ಹಿಡಿದು ಕೂತಿದ್ದಳು.

“ಇದನ್ನ ಯಾರು ಇಳಿಸಿದ್ರು?”

“ನಾನ,” ಎಂದಳು ರಹಿಮತಬಿ. “ಹಾವೇರಿ ಕಾಲೇಜಿಗೆ ಓದಾಕ ರಜಾ ಕೊಟ್ಟಾರ. ಬರೂ ತಿಂಗಳ ಯುನಿವರ್ಸಿಟಿ ಪರೀಕ್ಷಾ. ನೆಲದ ಮ್ಯಾಲ ಕುಂತು ಯಾರರೆ ಬಿ.ಎ. ಪಾಸ್ ಆಗ್ಯಾರೇನು?”

“ಎಷ್ಟೋ ಮಂದಿ ಆಗ್ಯಾರ.”

“ಯಾರು, ನೀವಾ?”

ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಮುದುಕಿ ಗುಲಾಬಬಿ ನಕ್ಕಳು. ಅವಳು ಮಲ್ಲಿಕಸಾಬನ ತಾಯಿ. “ಇಂವ ನಾಕನೇ ಇಯತ್ತೆಗೇ ಎರಡ ವರ್ಷ ಕುಂತಾನ. ಅದೂ ನೆಲದ ಮ್ಯಾಲ.” ಆಮೇಲೆ ನಗು ನಿಲ್ಲಿಸಿ, “ಆದ್ರ ರಹಿಮತ್, ಆ ಕುರ್ಚಿ ಬ್ಯಾಡಾಗಿತ್ತು” ಎಂದಳು.

“ಕುರ್ಚಿ ಏನ ಮಾಡೇತಿ?”

ಮಲ್ಲಿಕಸಾಬ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದ. ತಿನ್ನಲಿಲ್ಲ.

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಅವನದು ಬಾಡಿಗೆ ಸೈಕಲ್ಲಿನ ಅಂಗಡಿ. ತಾಸಿನ ಲೆಕ್ಕದಲ್ಲಿ ಸೈಕಲ್ ಕೊಡುವುದು, ಪಂಕ್ಚರ್ ತಿದ್ದುವುದು, ಗಾಳಿ ಹೊಡೆಯುವುದು. ದಿನವಿಡೀ ನಿಂತು ಇಲ್ಲವೇ ಕುಕ್ಕರುಗಾಲಲ್ಲಿ ಮಾಡುವ ಕೆಲಸ. ಮಗ ನಾಸೀರನಾದರೂ ಕುಂತು ಉಣ್ಣುವ ನೌಕರಿ ಹಿಡಿಯಲಿ ಎಂಬುದು ಅವನ ಆಸೆಯಾಗಿತ್ತು. ನಾಸೀರ ರಾಣೆಬೆನ್ನೂರಿನ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದ. ಬೆಳಗಿನ ರೈಲಿಗೆ ಓಡುತ್ತಲೇ ಹೋಗುತ್ತಿದ್ದ, ಸಂಜೆ ಶಾಲೆಯ ಬಯಲಿನಲ್ಲಿ ಹುತುತು ಆಡಿ ಮೊಣಕಾಲು ತರಚಿಕೊಂಡು ಬರುತ್ತಿದ್ದ. ಕಡೆಯ ವರ್ಷ ಎರಡು ವಿಷಯಗಳಲ್ಲಿ ನಪಾಸಾದ. ಮಲ್ಲಿಕಸಾಬ ರಾಣೆಬೆನ್ನೂರಿನ ಒಂದು ಹರಾಜಿನಲ್ಲಿ ಈ ಕುರ್ಚಿಯನ್ನು ಕೊಂಡು ರೈಲಿಗೆ ಹಾಕಿಸಿ, ಸ್ಟೇಷನ್ನಿನಿಂದ ತಲೆಯ ಮೇಲೆ ಹೊತ್ತು ತಂದ.

“ಇನ್ನ ಆಟ ಸಾಕು,” ಎಂದಿದ್ದ. “ಪಾಸ್ ಆಗೂತನಕ ಇದರಾಗಿಂದ ಏಳಬ್ಯಾಡ.”

ಅಂದಿನಿಂದ ಮನೆಯವರೆಲ್ಲ ನಾಸೀರನ ಪರವಾಗಿ ನಡೆದರು. ನೀರು ಮುಮ್ತಾಜ ತರುತ್ತಿದ್ದಳು. ತಾಟು ರಹಿಮತಬಿ ತರುತ್ತಿದ್ದಳು. ಕೈ ತೊಳೆಯುವ ಬೋಗುಣಿಯನ್ನೂ ಗುಲಾಬಬಿ ಕುರ್ಚಿಯ ಹತ್ತಿರವೇ ಹಿಡಿಯುತ್ತಿದ್ದಳು. ಹುಡುಗ ಎದ್ದರೆ ಮೂವರೂ ಒಟ್ಟಿಗೆ, “ಏಳಬ್ಯಾಡ, ಕುಂದ್ರು, ಏನ ಬೇಕು?” ಎನ್ನುತ್ತಿದ್ದರು. ಅದು ಆ ಮನೆಯಲ್ಲಿ ಮುದ್ದು ಮಾಡುವ ಮಾತಾಯಿತು. ಎರಡು ವರ್ಷದಲ್ಲಿ ಒಂದು ವಿಷಯ ಪಾಸಾಯಿತು, ಒಂದು ಉಳಿಯಿತು. ನಾಸೀರನಿಗೆ ಹೊಟ್ಟೆ ಬಂತು, ಹೆಜ್ಜೆ ಭಾರವಾಯಿತು. “ಸಾಹೇಬರ ಕಳೆ ಬಂದೈತಿ” ಎಂದು ಮಲ್ಲಿಕಸಾಬ ಅಂಗಡಿಯಲ್ಲಿ ಹೇಳಿಕೊಂಡಿದ್ದ.

1985ರ ಮಾರ್ಚಿನಲ್ಲಿ ನಾಸೀರನ ಎಡಗಾಲಿನ ಮೀನಖಂಡ ಬಾತಿತು. ರಹಿಮತಬಿ ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಸಿ, ಎರಡು ಸಂಜೆ ಬಲ ಹಾಕಿ ತಿಕ್ಕಿದಳು. ಮೂರನೆಯ ಬೆಳಿಗ್ಗೆ ಅವನು ಬಚ್ಚಲಿಗೆ ಹೋಗುವಾಗ ಹೊಸ್ತಿಲಲ್ಲಿ ಕುಸಿದ. ಉಸಿರು ಸಿಕ್ಕಲಿಲ್ಲ. ಬಾಡಿಗೆ ಕಾರಿನಲ್ಲಿ ಹಾವೇರಿಗೆ ಒಯ್ಯುವಾಗ ಮೋಟೆಬೆನ್ನೂರು ದಾಟುತ್ತಲೇ ತೀರಿಕೊಂಡ.

ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ಮಲ್ಲಿಕಸಾಬನನ್ನು ಒಬ್ಬನನ್ನೇ ಪಕ್ಕಕ್ಕೆ ಕರೆದರು.

“ಹುಡುಗ ಭಾಳ ಹೊತ್ತು ಕುಂತ ಇರ್ತಿದ್ನೇನು?”

“ಓದಾಕತ್ತಿದ್ದ ರೀ.”

“ಕಾಲಾಗ ರಕ್ತ ಹೆಪ್ಪುಗಟ್ಟಿತ್ತು ಅನಸ್ತದ. ಅದು ಕಿತ್ತು ಮ್ಯಾಲ ಎದಿಗೆ ಹೋಗೇತಿ. ಕಾಲು ಯಾರರೆ ತಿಕ್ಕಿದ್ರೇನು?”

“ನಾನ ರೀ,” ಎಂದ ಮಲ್ಲಿಕಸಾಬ.

“ತಿಕ್ಕಬಾರದಿತ್ತು.” ಡಾಕ್ಟರು ಅವನ ಮುಖ ನೋಡಿ ತಡೆದರು. “ಇರ್ಲಿ, ನಿಮಗ ಹ್ಯಾಂಗ ಗೊತ್ತಾಗಬೇಕು. ತಿಕ್ಕದಿದ್ರೂ ಹೋಗಬಹುದಿತ್ತು. ಖಾತ್ರಿ ಹೇಳಾಕ ಬರೂದಿಲ್ಲ.”

ಮನೆಯಲ್ಲಿ ಅವನು ಹೇಳಿದ್ದು ಇಷ್ಟೇ: “ಎದಿ ನಿಂತಿತಂತ.”

ರಹಿಮತಬಿ ಅದನ್ನು ನಂಬಿದಳು. ಜೊತೆಗೆ ತನ್ನದೇ ಒಂದು ಮಾತನ್ನೂ ನಂಬಿದಳು. ಆ ಮಾತನ್ನು ಹಿಟ್ಟು ನಾದುವಾಗ, ನೀರು ಸೇದುವಾಗ, ಯಾರೂ ಕೇಳದಿದ್ದಾಗಲೂ ಹೇಳುತ್ತಿದ್ದಳು: “ಎರಡ ಸಂಜಿಗೆ ಕೈ ಬಿಟ್ಟೆ. ಇನ್ನೊಂದ ದಿನ ತಿಕ್ಕಿದ್ರ ಬಾವು ಇಳೀತಿತ್ತು, ಹುಡುಗ ಉಳೀತಿದ್ದ.” ಅವಳು ಹಾಗೆಂದಾಗಲೆಲ್ಲ ಮಲ್ಲಿಕಸಾಬ ಎದ್ದು ಹೊರಗೆ ಹೋಗುತ್ತಿದ್ದ. ಮಗನ ಹೆಸರೆತ್ತಿದರೆ ಗಂಡನಿಗೆ ತಡೆಯದು ಎಂದು ಅವಳು ತಿಳಿದಿದ್ದಳು.

ಈಗ ಅದೇ ಕುರ್ಚಿಯಲ್ಲಿ ಮಗಳಿದ್ದಳು. ಎಣ್ಣೆಯ ಬಟ್ಟಲು ಅಂಗಳದಲ್ಲಿತ್ತು.

ಅದಿಲ್ಲದೆ ಮನೆ ನಡೆಯುವಂತಿರಲಿಲ್ಲ. ಸುಗ್ಗಿಯಲ್ಲಿ ಪೇಟೆಯ ವ್ಯಾಪಾರಿಗಳು ಮೆಣಸಿನಕಾಯಿ ಚೀಲಗಳನ್ನು ಮನೆಮನೆಗೆ ಕೊಡುತ್ತಿದ್ದರು. ರಹಿಮತಬಿ, ಪಕ್ಕದ ಮನೆಯ ನೀಲಗಂಗವ್ವ ಅಂಗಳದಲ್ಲಿ ರಾಶಿ ಸುರಿದುಕೊಂಡು ತೊಟ್ಟು ಮುರಿಯುತ್ತಿದ್ದರು. ಸಂಜೆಗೆ ಅಂಗೈ ಬೆಂಕಿಯಾಗುತ್ತಿತ್ತು. ಕುಸುಬಿ ಎಣ್ಣೆ ಸವರಿಕೊಂಡರೆ ಮಾತ್ರ ನಿದ್ದೆ. ಮನೆಯೊಳಗೆ ಉರ್ದು, ಅಂಗಳದಲ್ಲಿ ಕನ್ನಡ. ಮೆಣಸಿನಕಾಯಿ ದಿನಗಳಲ್ಲಿ ಅಂಗಳವೇ ಮನೆ.

ಮಲ್ಲಿಕಸಾಬ ಮಗಳನ್ನು ಎಬ್ಬಿಸಲು ನೆಪ ಹುಡುಕಿದ.

“ನಾಳಿಯಿಂದ ನನ್ನ ಡಬ್ಬಿ ಮುಮ್ತಾಜನ ಕೈಲೆ ಅಂಗಡಿಗೆ ಕಳಿಸು.”

ಮರುದಿನ ಡಬ್ಬಿ ಬಂತು. ತಂದವಳು ರಹಿಮತಬಿ.

“ಆಕಿನ್ನ ಹಿಟ್ಟು ಬೀಸಿಸಾಕ ಕಳಿಸು.”

ಗಿರಣಿಗೂ ರಹಿಮತಬಿಯೇ ಹೋದಳು. ಮೂರನೆಯ ದಿನ ಅವನು ಅಂಗಡಿಯ ಲೇಡೀಸ್ ಸೈಕಲ್ಲೊಂದನ್ನು ಒರೆಸಿ ಮನೆಗೆ ತಂದು ನಿಲ್ಲಿಸಿದ. ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು.

“ಮಗನ್ನ ಕುಂದ್ರಿಸಿ ಓದಿಸಿದ್ರಿ. ಮಗಳು ಅಂದ ಕೂಡಲೆ ಡಬ್ಬಿ, ಹಿಟ್ಟು, ಸೈಕಲ್ಲು ಎಲ್ಲಾ ನೆನಪಾತೇನು? ಹೆಣ್ಣು ಅಂತನ? ನೀಲಗಂಗಾ, ನೀ ಹೇಳು, ಇದು ನ್ಯಾಯ ಏನು?”

“ನನ್ನ ಯಾಕ ನಡುವ ಎಳೀತಿ ಅಕ್ಕಾ,” ಎಂದಳು ನೀಲಗಂಗವ್ವ. “ಆದ್ರ ಮಲ್ಲಿಕಣ್ಣ, ಪರೀಕ್ಷಾ ಟೈಮಿನ್ಯಾಗ ಹುಡಿಗಿಗೆ ಸೈಕಲ್ಲ ಕೊಡೂ ಅಪ್ಪನ್ನ ನಾ ಇವತ್ತ ನೋಡಿದ್ದು.”

ಮಲ್ಲಿಕಸಾಬನ ಹತ್ತಿರ ಉತ್ತರವಿತ್ತು. ಅದು ಹೇಳುವಂಥದ್ದಲ್ಲ. ಸೈಕಲ್ಲನ್ನು ತಿರುಗಿಸಿಕೊಂಡು ಹೋದ.

ಸಂಜೆ ನಾಲ್ಕಕ್ಕೆ ಒಲೆಯ ಹತ್ತಿರದಿಂದ ರಹಿಮತಬಿ ಕೂಗಿದಳು: “ನಾಸೀರ, ಚಾ ತಗೋ.”

ಗುಲಾಬಬಿಯ ಕುಟ್ಟಾಣಿ ನಿಂತಿತು. ಮುಮ್ತಾಜ ಕೈ ಚಾಚಿ ಕಪ್ಪು ತೆಗೆದುಕೊಂಡಳು. ಕೊಟ್ಟವಳಿಗೆ ತಾನು ಕರೆದ ಹೆಸರು ಗೊತ್ತಾಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹಾಗೇ ಕರೆದಳು. ವಾರ ಕಳೆಯುವಷ್ಟರಲ್ಲಿ ಯಾರೂ ತಲೆ ಎತ್ತದಾದರು. ಮುಮ್ತಾಜ ಆ ಹೆಸರಿಗೂ “ಹಾಂ” ಎನ್ನುತ್ತಿದ್ದಳು.

ಕುರ್ಚಿಯ ಬೆತ್ತ ನಾಸೀರನ ಭಾರಕ್ಕೆ ಒಂದು ಕಡೆ ಜೋತಿತ್ತು. ಯಾರು ಕೂತರೂ ಮೈ ಆ ಕಡೆಗೇ ಜಾರುತ್ತಿತ್ತು. ಮುಮ್ತಾಜಳೂ ಅಣ್ಣನ ಹಾಗೆ ಬಲಗಾಲು ಮಡಚಿ ಮೇಲಿಟ್ಟು, ಎಡಗಾಲು ಇಳಿಬಿಟ್ಟು ಕೂರತೊಡಗಿದಳು. ಮುಂದಿನ ಮರದ ಪಟ್ಟಿ ಎಡತೊಡೆಯನ್ನು ಒತ್ತುತ್ತಿತ್ತು. ಮಲ್ಲಿಕಸಾಬ ಹೊಸ್ತಿಲಲ್ಲಿ ಕೂತು ಆ ಇಳಿಬಿದ್ದ ಪಾದವನ್ನೇ ನೋಡುತ್ತಿದ್ದ. ಅದು ಅಲುಗಾಡಿದ ಮೇಲೆ ಬೀಡಿ ಹಚ್ಚುತ್ತಿದ್ದ.

ಟಾಯರು ತರಲು ರಾಣೆಬೆನ್ನೂರಿಗೆ ಹೋಗುವ ದಿನ ಅವನು ಹೇಳಿದ: “ಮುಮ್ತಾಜನ್ನೂ ಕರಕೊಂಡ ಹೋಗ್ತೇನಿ. ಅಲ್ಲಿ ಹಳೇ ಪ್ರಶ್ನಪತ್ರಿಕೆ ಸಿಗ್ತಾವಂತ.”

ಓದಿನ ಮಾತಾದ್ದರಿಂದ ರಹಿಮತಬಿ ಒಪ್ಪಿದಳು.

ಸ್ಟೇಷನ್ನಿನಲ್ಲಿ ಇಳಿದವರು ಪೇಟೆಯ ಬೀದಿಗಳಲ್ಲಿ ನಡೆದೇ ನಡೆದರು.

“ಅಬ್ಬಾ, ಆಟೋ ಅದಾವ,” ಎಂದು ಮುಮ್ತಾಜ ತಂದೆಯನ್ನು ಕರೆದಳು.

“ನಡೀ. ಊರು ನೋಡಿದಂಗ ಆಗ್ತದ.”

“ಇದ ಅಂಗಡಿ ಮುಂದ ಎಷ್ಟ ಸಲ ಹಾಯ್ದ್ವಿ?”

“ಟಾಯರ್ ರೇಟ್ ನೋಡಬೇಕು.”

“ಒಳಗ ಹೋಗಲಾರದನ?”

ಕಬ್ಬಿನ ಹಾಲಿನ ಗಾಡಿಯ ಹತ್ತಿರ ಅವಳು ನಿಂತೇಬಿಟ್ಟಳು. “ನೀವು ನನ್ನನ್ನ ಅಡ್ಡಾಡಸಾಕ ಕರಕೊಂಡ ಬಂದೀರಿ. ಡಬ್ಬಿ, ಹಿಟ್ಟು, ಸೈಕಲ್ಲು, ಎಲ್ಲಾ ಅದಕ್ಕ. ಖರೇ ಹೇಳ್ರಿ, ಭೈಯಾಗ ಏನಾಗಿತ್ತು?”

ಮಲ್ಲಿಕಸಾಬ ಗ್ಲಾಸಿನ ನೊರೆ ಊದಿದ. “ಕುಂತು ಕುಂತು ಕಾಲಾಗ ರಕ್ತ ಗಟ್ಟಿಯಾಗಿತ್ತಂತ.”

“ಅಮ್ಮಗ ಗೊತ್ತದೇನು?”

“ಇಲ್ಲ. ಹೇಳಬ್ಯಾಡ.”

“ಯಾಕ?”

“ಕುಂದ್ರಿಸಿದವ ನಾನ ಅಲ್ಲೇನು? ಅದಕ್ಕ.”

ಅರ್ಧ ಹೇಳಿದ್ದ. ಉಳಿದರ್ಧವನ್ನು ಕಬ್ಬಿನ ಹಾಲಿನ ಜೊತೆ ನುಂಗಿದ.

ಮರುದಿನದಿಂದ ಮುಮ್ತಾಜ ಪುಸ್ತಕ ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತ ಓದತೊಡಗಿದಳು. ಮೆಣಸಿನಕಾಯಿ ಘಾಟಿಗೆ ಸೀನು, ನಡುವೆ ಅರ್ಥಶಾಸ್ತ್ರ.

“ಹಂಗ ಓದಿದ್ರ ತಲ್ಯಾಗ ಏನ ನಿಂದರತೈತಿ? ಒಳಗ ಹೋಗಿ ಕುಂದ್ರು,” ಎಂದಳು ರಹಿಮತಬಿ.

“ಕಾಲು ನಡದ್ರ ತಲಿ ಬ್ಯಾರೆ ಊರಿಗೆ ಹೋಗ್ತದೇನು?” ಎಂದಳು ಗುಲಾಬಬಿ.

“ನಮ್ಮ ಎಮ್ಮಿ ಸೈತ ಅಡ್ಡಾಡಿ ಬಂದ ದಿನಾನ ಚಲೋ ಹಾಲ ಕೊಡ್ತೈತಿ,” ಎಂದಳು ನೀಲಗಂಗವ್ವ.

“ನಾ ಎಮ್ಮಿ ಏನ, ನೀಲಗಂಗಕ್ಕಾ?”

“ಛೇ, ಎಮ್ಮಿ ಹಿಂಗ ಸೀನೂದಿಲ್ಲ.”

ಎಲ್ಲರೂ ನಕ್ಕರು, ರಹಿಮತಬಿಯನ್ನು ಬಿಟ್ಟು. ಅವಳು ತೊಟ್ಟು ಮುರಿಯುವುದನ್ನು ನಿಲ್ಲಿಸಿ ಹೆಜ್ಜೆಯ ಸಪ್ಪಳ ಕೇಳುತ್ತಿದ್ದಳು. “ಅಂವಾ ಹಿಂಗ ಓದ್ತಿರಲಿಲ್ಲ,” ಎಂದಳು. “ಅಂವಾ ಎಷ್ಟ ಶಾಣ್ಯಾ ಇದ್ದ. ಕುಂದ್ರು ಅಂದ್ರ ಕುಂದರ್ತಿದ್ದ.” ಸೆರಗು ಕಣ್ಣಿಗೆ ಒತ್ತಿಕೊಂಡಳು. ಕೈಗೆ ಖಾರವಿತ್ತು. ಕಣ್ಣು ಉರಿದು ಬಚ್ಚಲಿಗೆ ಎದ್ದು ಹೋದಳು. ಮುಮ್ತಾಜ ತುಸು ಹೊತ್ತು ನಿಂತಿದ್ದು, ಒಳಗೆ ಹೋಗಿ ಕುರ್ಚಿಯಲ್ಲಿ ಕೂತಳು.

ಆಮೇಲೆ ಹಾಗೇ ಆಯಿತು. ತಂದೆ ಮನೆಯಲ್ಲಿದ್ದಾಗ ನಡೆಯುವುದು, ತಾಯಿ ನೋಡಿದಾಗ ಕೂರುವುದು. ಪರೀಕ್ಷೆ ಹತ್ತಿರ ಬಂದಂತೆ ಕೂರುವುದೇ ಹೆಚ್ಚಾಯಿತು.

ಏಪ್ರಿಲಿನ ಒಂದು ಮಧ್ಯಾಹ್ನ ಮಲ್ಲಿಕಸಾಬ ಊಟಕ್ಕೆ ಬಂದ. ಬಾಗಿಲಲ್ಲೇ ವಾಸನೆ ಬಂತು. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ. ಮೂರು ವರ್ಷದಿಂದ ಆ ಮನೆಯಲ್ಲಿ ಎದ್ದಿರಲಿಲ್ಲ. ಅವನು ಚಪ್ಪಲಿ ಬಿಡದೆ ಒಳಗೆ ಓಡಿದ.

ಮುಮ್ತಾಜ ಕುರ್ಚಿಯಲ್ಲಿದ್ದಳು. ಎಡಗಾಲನ್ನು ಸ್ಟೂಲಿನ ಮೇಲಿಟ್ಟಿದ್ದಳು. ಮೀನಖಂಡ ಬಿಗಿದು ಸ್ವಲ್ಪ ಬಾತಿತ್ತು. ರಹಿಮತಬಿ ನೆಲದ ಮೇಲೆ ಕೂತು, ಹೊಗೆಯಾಡುವ ಬಟ್ಟಲಿಗೆ ಬೆರಳು ಅದ್ದುತ್ತಿದ್ದಳು.

“ಕೈ ಹಚ್ಚಬ್ಯಾಡ!”

ಬರಿಗೈಯಲ್ಲೇ ಬಟ್ಟಲು ಕಿತ್ತುಕೊಂಡ. ಬೆರಳು ಸುಟ್ಟವು. ಬಟ್ಟಲು ಬಿದ್ದು ಎಣ್ಣೆ ನೆಲದ ಮೇಲೆ ಹರಿಯಿತು.

“ಹುಚ್ಚ ಹಿಡದೈತೇನು ನಿಮಗ? ಆಕಿ ಕಾಲು ನೋಡ್ರಿ! ಅವತ್ತ ಅರ್ಧಕ್ಕ ಬಿಟ್ಟೆ. ಇವತ್ತ ಬಿಡೂದಿಲ್ಲ, ಇಳಿಯೂತನಕ ತಿಕ್ಕತೇನಿ.”

“ತಿಕ್ಕಬಾರದು ಅಂದಾರ.”

“ಯಾರು?”

“ಡಾಕ್ಟರ್ರು.”

“ಯಾವ ಡಾಕ್ಟರ್ರು? ಯಾವಾಗ?”

ಮಲ್ಲಿಕಸಾಬ ಸುಟ್ಟ ಬೆರಳುಗಳನ್ನು ಅಂಗಿಯಲ್ಲಿ ಒತ್ತಿ ಹಿಡಿದ. ರಹಿಮತಬಿ ಅವನನ್ನೇ ನೋಡುತ್ತಿದ್ದಳು.

“ಅವತ್ತಾ?”

ಅವನು ಬಿದ್ದ ಬಟ್ಟಲನ್ನು ಎತ್ತಲು ಬಾಗಿದ.

“ವರಾಂಡದಾಗ ಕರದಿದ್ರಲ್ಲ ನಿಮ್ಮನ್ನ. ಏನ ಕೇಳಿದ್ರು?”

“ಕಾಲು ಯಾರರೆ ತಿಕ್ಕಿದ್ರೇನು ಅಂತ.”

“ನೀವೇನಂದ್ರಿ?”

“ನಾನ ತಿಕ್ಕೇನಿ ಅಂದೆ.”

ಎಣ್ಣೆ ಹೊಸ್ತಿಲ ತನಕ ಹರಿದು ನಿಂತಿತು. ರಹಿಮತಬಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

“ನೀವು ತಿಕ್ಕಿಲ್ಲಲ್ಲ,” ಎಂದಳು. “ತಿಕ್ಕಿದಾಕಿ ನಾನು.”

“ಬಳ್ಳೊಳ್ಳಿ ಸುಲದ ಕೊಟ್ಟಾಕಿ ನಾ,” ಎಂದಳು ಗುಲಾಬಬಿ. ಅವಳನ್ನು ಯಾರೂ ಕೇಳಿರಲಿಲ್ಲ.

“ಎರಡು ಗಂಟೆ ಬಸ್ಸು ಸಿಗ್ತದ,” ಎಂದ ಮಲ್ಲಿಕಸಾಬ. “ಏಳ್ರಿ.”

ಮೂವರೂ ಹಾವೇರಿಯ ಬಸ್ಸು ಹತ್ತಿದರು. ಮೋಟೆಬೆನ್ನೂರು ಬಂದಾಗ ಪ್ರತಿ ಸಲ ಕಣ್ಣು ಮುಚ್ಚುತ್ತಿದ್ದ ರಹಿಮತಬಿ ಈ ಸಲ ಮುಚ್ಚಲಿಲ್ಲ. ಕಿಟಕಿಯಿಂದ ಆ ರಸ್ತೆಯನ್ನು ಕೊನೆಯವರೆಗೂ ನೋಡಿದಳು.

ಹಾವೇರಿಯಲ್ಲಿ ಈ ಸಲ ಸಿಕ್ಕ ಡಾಕ್ಟರು ಬೇರೆ, ವಯಸ್ಸು ಕಡಿಮೆ. ಎರಡೂ ಕಾಲುಗಳನ್ನು ಟೇಪು ಹಿಡಿದು ಅಳೆದರು, ಒತ್ತಿ ನೋಡಿದರು, ಪಾದ ಮೇಲೆ ಕೆಳಗೆ ಮಾಡಿಸಿದರು.

“ಸ್ನಾಯು ಹಿಡದದ, ಅಷ್ಟ. ಕಾಲೇಜಿನ ಹುಡುಗ್ರು ಪರೀಕ್ಷಾ ಬಂತು ಅಂದ್ರ ಕುಂತ ಜಾಗಾ ಬಿಡೂದಿಲ್ಲ. ತಾಸಿಗೊಮ್ಮೆ ಎದ್ದು ಅಡ್ಡಾಡಬೇಕವಾ.”

“ಇದಕ್ಕ ಎಣ್ಣಿ ಹಚ್ಚಿ ತಿಕ್ಕಬಹುದೇನ್ರಿ?” ಎಂದು ಕೇಳಿದಳು ರಹಿಮತಬಿ.

“ಇದಕ್ಕ ತಿಕ್ಕಿದ್ರ ಏನಾಗೂದಿಲ್ಲ.”

“ಹಂಗಾರ ಎಂಥಾದಕ್ಕ ತಿಕ್ಕಬಾರದು?”

ಬಾಗಿಲಲ್ಲಿ ನಿಂತಿದ್ದ ಮಲ್ಲಿಕಸಾಬ, “ನಡೀ, ಬಸ್ಸು ತಪ್ಪತೈತಿ” ಎಂದ. ಅವಳು ಕದಲಲಿಲ್ಲ. ಡಾಕ್ಟರು ಚೀಟಿ ಬರೆಯುತ್ತಲೇ ಹೇಳಿದರು.

“ಒಳಗ ರಕ್ತ ಹೆಪ್ಪುಗಟ್ಟಿದ್ರ ತಿಕ್ಕಬಾರದ್ರಿ. ಕಿತ್ತು ಎದಿಗೆ ಹೋಗಬಹುದು.”

“ಗೊತ್ತಿಲ್ಲದ ತಿಕ್ಕಿದ್ರ?”

“ಗೊತ್ತಿಲ್ಲದ ತಿಕ್ಕಿದ್ರೂ ಅಷ್ಟ. ಹೋಗಬಹುದು, ಹೋಗದನೂ ಇರಬಹುದು.” ಅವರು ತಲೆ ಎತ್ತಿದರು. “ಯಾಕ್ರಿ, ಮನ್ಯಾಗ ಯಾರಿಗರೆ ಆಗಿತ್ತೇನು?”

“ನನ್ನ ಮಗಗ,” ಎಂದಳು. ಅಷ್ಟೇ ಹೇಳಿ, ಚೀಟಿ ತೆಗೆದುಕೊಂಡು ಹೊರಗೆ ಬಂದಳು.

ತಿರುಗಿ ಬರುವ ಬಸ್ಸು ಅರ್ಧ ಖಾಲಿ ಇತ್ತು. ಮುಮ್ತಾಜ ಮುಂದಿನ ಸೀಟಿನಲ್ಲಿ ಕೂತಳು. ರಹಿಮತಬಿ ಮಾತ್ರ ಕಂಬಿ ಹಿಡಿದು ನಿಂತಳು.

“ಕುಂದ್ರು,” ಎಂದ ಮಲ್ಲಿಕಸಾಬ.

“ಬ್ಯಾಡ.”

ಅವನೂ ಎದ್ದು ಪಕ್ಕದಲ್ಲಿ ನಿಂತ. ಅವಳು ಹೇಳಿದಳು: “ಮೂರು ವರ್ಷ ನಾ ಅದ ಮಾತು ಆಡ್ತಿದ್ದೆ. ಇನ್ನೊಂದ ದಿನ ತಿಕ್ಕಬೇಕಿತ್ತು, ಇನ್ನೊಂದ ದಿನ ತಿಕ್ಕಬೇಕಿತ್ತು ಅಂತ. ನೀವು ಕೇಳ್ಕೋತ ಕುಂತ್ರಿ.”

“ಕುಂತಿಲ್ಲ. ಎದ್ದು ಹೋಗ್ತಿದ್ದೆ.”

“ಸುಳ್ಳ ಯಾಕ ಹೇಳಿದ್ರಿ ಡಾಕ್ಟರ್ರಿಗೆ?”

“ಸುಳ್ಳ ಎಲ್ಲಿ? ನೀ ತಿಕ್ಕಿದ್ದು ಎರಡ ಸಂಜಿ. ನಾ ಕುಂದ್ರಿಸಿದ್ದು ಎರಡ ವರ್ಷ.”

ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತು ಇಬ್ಬರನ್ನು ಹತ್ತಿಸಿಕೊಂಡಿತು. ಕಂಡಕ್ಟರು, “ಸೀಟು ಖಾಲಿ ಅದಾವ, ಕುಂದರ್ರಿ ಯಜಮಾನ್ರ” ಎಂದ. ಗಂಡ ಹೆಂಡತಿ ಬ್ಯಾಡಗಿಯವರೆಗೂ ನಿಂತೇ ಬಂದರು.

ಮುಮ್ತಾಜ ಪರೀಕ್ಷೆ ಬರೆದಳು. ಪ್ರತಿ ಬೆಳಿಗ್ಗೆ ಸ್ಟೇಷನ್ನಿಗೆ ತಾಯಿ ಅವಳ ಜೊತೆ ನಡೆದು ಹೋಗುತ್ತಿದ್ದಳು, ಸಂಜೆ ಕರೆದು ತರುತ್ತಿದ್ದಳು. ದಾರಿಯಲ್ಲಿ ಇಬ್ಬರೂ ಪ್ರಶ್ನಪತ್ರಿಕೆಯ ಮಾತಾಡುತ್ತಿದ್ದರು. ನಾಸೀರನ ಮಾತು ಬರುತ್ತಿರಲಿಲ್ಲ. ಚಹಾ ಕೊಡುವಾಗ ರಹಿಮತಬಿ ಈಗ ಯಾರ ಹೆಸರನ್ನೂ ಕರೆಯುತ್ತಿರಲಿಲ್ಲ. ಕಪ್ಪನ್ನು ಒಲೆಯ ಕಟ್ಟೆಯ ಮೇಲಿಟ್ಟು ಬಿಡುತ್ತಿದ್ದಳು. ಬೇಕಾದವರು ಎದ್ದು ಬಂದು ತೆಗೆದುಕೊಳ್ಳಬೇಕು.

ರಂಜಾನಿಗೆ ಮೊದಲು ಸುಣ್ಣ ಹಚ್ಚುವಾಗ ಮಲ್ಲಿಕಸಾಬ ಕುರ್ಚಿಯನ್ನು ಹೊರಗೆ ತಂದ. “ಅಂಗಡಿಗೆ ಒಯ್ದು ಒಡದು ಒಲಿಗೆ ಹಾಕ್ತೇನಿ.”

“ಇರ್ಲಿ,” ಎಂದಳು ರಹಿಮತಬಿ.

“ಯಾರು ಕುಂದರ್ತಾರ ಇದರಾಗ?”

“ಯಾರೂ ಕುಂದ್ರೂದು ಬ್ಯಾಡ. ಇರ್ಲಿ.”

ಸುಣ್ಣ ಒಣಗಿದ ಮೇಲೆ ಕುರ್ಚಿ ಕಿಟಕಿಯ ಪಕ್ಕಕ್ಕೇ ಹೋಯಿತು. ಅದರ ಮುಂದೆ ಹಾದುಹೋಗುವಾಗ ಎಲ್ಲರೂ ಸ್ವಲ್ಪ ಸರಿದು ನಡೆಯುತ್ತಿದ್ದರು, ಅಲ್ಲಿ ಯಾರೋ ಕಾಲು ಇಳಿಬಿಟ್ಟು ಕೂತಿರುವ ಹಾಗೆ.

ಸುಗ್ಗಿಯ ಕಡೆಯ ಚೀಲ ಮುಗಿಯುವ ದಿನ ಸಂಜೆ ನೀಲಗಂಗವ್ವ ಸೀರೆಗೆ ಅಂಟಿದ ಮೆಣಸಿನ ಬೀಜ ಕೊಡವಿಕೊಂಡು ರಹಿಮತಬಿಯ ಕೈ ನೋಡಿದಳು. ಅಂಗೈ ಕೆಂಪಾಗಿ ಸಿಪ್ಪೆ ಎದ್ದಿತ್ತು.

“ಅಯ್ಯ, ಏನಿದು ಅಕ್ಕಾ! ಎಣ್ಣಿ ಹಚ್ಚೂದ ಬಿಟ್ಟೀಯೇನು?”

“ಹಂ.”

“ಉರಿಯೂದಿಲ್ಲೇನು?”

“ಉರೀತಾವ.”

“ಮತ್ತ?”

ಗುಲಾಬಬಿ ಕುಟ್ಟಾಣಿಯಿಂದ ತಲೆ ಎತ್ತಲಿಲ್ಲ. ಹೊಸ್ತಿಲಲ್ಲಿದ್ದ ಮಲ್ಲಿಕಸಾಬನ ಬೀಡಿ ಆರಿತ್ತು. ರಹಿಮತಬಿ ಇನ್ನೊಂದು ಹಿಡಿ ಮೆಣಸಿನಕಾಯಿ ಎಳೆದುಕೊಂಡಳು. ಮಗಳು ಜಗಲಿಯಲ್ಲಿ ಕೂತಿದ್ದಳು.

“ಮುಮ್ತಾಜ,” ಎಂದಳು, “ಏಳು. ನೀಲಗಂಗಕ್ಕಗ ಎಣ್ಣಿ ತಂದು ಕೊಡು.”